ಹೈಸ್ಕೂಲ್ ಇಂಗ್ಲಿಷ್ ತರಗತಿಯಲ್ಲಿ ಗ್ರೀಕ್ ಪುರಾಣ: ಪಾಠ ಕಟ್ಟುವ ಕ್ರಮ, ಹಂತ ಹಂತವಾಗಿ

ಗ್ರೀಕ್ ಪುರಾಣದ ಪಾಠ ಹೆಚ್ಚಾಗಿ ಕೆಡುವುದು ಮೊದಲನೇ ದಿನವೇ. ಶಿಕ್ಷಕರು ಉತ್ಸಾಹದಿಂದ ಬೋರ್ಡಿನ ತುಂಬ ವಂಶವೃಕ್ಷ ಬರೆಯುತ್ತಾರೆ: ಯುರೇನಸ್, ಕ್ರೋನಸ್, ಝ್ಯೂಸ್, ಅವನ ಒಡಹುಟ್ಟಿದವರು, ಮಕ್ಕಳು. ಪಕ್ಕದಲ್ಲಿ ರೋಮನ್ ಹೆಸರುಗಳು. ಯಾರ ಕೈಯಲ್ಲಿ ಯಾವ ಆಯುಧ, ಯಾರಿಗೆ ಯಾವ ಹಕ್ಕಿ. ಮಕ್ಕಳು ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ, ವಾರದ ಕೊನೆಯ ಟೆಸ್ಟಿನಲ್ಲಿ ಒಳ್ಳೆಯ ಅಂಕವನ್ನೂ ತೆಗೆಯುತ್ತಾರೆ.

ನಾನೂ ಹೀಗೆಯೇ ಶುರುಮಾಡಿದವಳು. ಒಂದು ತಿಂಗಳಾದ ಮೇಲೆ ಅದೇ ತರಗತಿಗೆ ಒಂದು ಹೊಸ ಪ್ಯಾಸೇಜ್ ಕೊಟ್ಟೆ. ಒಬ್ಬ ವ್ಯಾಪಾರಿಗೆ ‘ಮೈಡಾಸ್ ಟಚ್’ ಇದೆ ಎಂದು ಮೊದಲ ಸಾಲಿನಲ್ಲಿತ್ತು, ಕೊನೆಯ ಸಾಲಿನಲ್ಲಿ ಅವನು ಒಬ್ಬನೇ ಊಟಕ್ಕೆ ಕೂತಿದ್ದ. ಲೇಖಕರು ಏನು ಸೂಚಿಸುತ್ತಿದ್ದಾರೆ ಎಂದು ಕೇಳಿದ್ದಕ್ಕೆ ಇಡೀ ತರಗತಿ ‘ಅವನು ಅದೃಷ್ಟವಂತ’ ಎಂದು ಬರೆಯಿತು. ಮುಟ್ಟಿದ ತುತ್ತೂ ಚಿನ್ನವಾಗಿ ಹಸಿದು ಕೂತ ರಾಜ ಒಬ್ಬರಿಗೂ ನೆನಪಾಗಲಿಲ್ಲ. ಮೈಡಾಸ್ ಯಾರ ಮಗ ಎಂದು ಕೇಳಿದಾಗ ಮಾತ್ರ ಮೂರು ಕೈಗಳು ಮೇಲೆದ್ದವು.

ಇಂಗ್ಲಿಷ್ ತರಗತಿಯಲ್ಲಿ ಈ ಕಥೆಗಳು ಬೇಕಾಗಿರುವುದು ಓದುವುದಕ್ಕೆ. ಪುಟದ ಮೇಲೆ ಒಂದು ಹೆಸರು ಬಂದಾಗ ಅದರ ಹಿಂದಿನ ಇಡೀ ಕಥೆ ವಿದ್ಯಾರ್ಥಿಯ ಮನಸ್ಸಿಗೆ ಬರಬೇಕು, ಆ ಕಥೆಯಲ್ಲಿ ಲೇಖಕರು ಯಾವ ಭಾಗವನ್ನು ತೆಗೆದುಕೊಂಡರು ಎಂಬುದು ಹೊಳೆಯಬೇಕು. ಕೆಳಗಿನ ಕ್ರಮ ಆ ಗುರಿಗಾಗಿ ಮಾಡಿದ್ದು. ಸುಮಾರು ನಾಲ್ಕು ವಾರ, ಹದಿನಾರು ಪೀರಿಯಡ್ ಬೇಕಾಗುತ್ತದೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಸೋಲು ಬರುವುದು ಹೆಚ್ಚಾಗಿ ಅಲ್ಲಿಂದಲೇ.

## ಮೊದಲು ಜೋಡಿಸಿಕೊಳ್ಳಬೇಕಾದದ್ದು

ಕಥೆಗಳ ಇಂಗ್ಲಿಷ್ ಅನುವಾದದಿಂದ ಆಯ್ದ ಭಾಗಗಳು, ಪ್ರತಿಯೊಂದೂ ಒಂದು ಅಥವಾ ಎರಡು ಪುಟ, ಎಲ್ಲರಿಗೂ ಒಂದೊಂದು ಜೆರಾಕ್ಸ್ ಪ್ರತಿ. ಅಂಚಿನಲ್ಲಿ ಬರೆಯಲು ಜಾಗವಿರಲಿ. ಕ್ರೀಟ್, ಅಥೆನ್ಸ್, ಥೀಬ್ಸ್, ಡೆಲ್ಫಿ, ಟ್ರಾಯ್, ಇಥಾಕ ಗುರುತಿಸಿದ ಒಂದು ನಕ್ಷೆ. ಗೋಡೆಗೆ ಅಂಟಿಸಲು ಒಂದು ದೊಡ್ಡ ಖಾಲಿ ಹಾಳೆ. ಪ್ರತಿ ವಿದ್ಯಾರ್ಥಿಯ ನೋಟ್‌ಬುಕ್ಕಿನ ಕೊನೆಯಲ್ಲಿ ನಾಲ್ಕು ಪುಟ ಹೆಸರುಗಳಿಗೆ, ನಾಲ್ಕು ಪುಟ ಪದಗಳಿಗೆ ಮೀಸಲು.

ಅಚ್ಚಾದ ವಂಶವೃಕ್ಷದ ಚಾರ್ಟ್ ಬೇಡ. ಇದ್ದರೆ ಕಪಾಟಿನಲ್ಲೇ ಇರಲಿ.

## ಹಂತ 1: ಕೊನೆಯ ಪಠ್ಯವನ್ನು ಮೊದಲು ಆರಿಸಿ

ಯಾವ ಕಥೆಗಳನ್ನು ಹೇಳಬೇಕು ಎಂದು ಯೋಚಿಸುವ ಮೊದಲು, ಮಕ್ಕಳು ಕೊನೆಗೆ ಯಾವ ಇಂಗ್ಲಿಷ್ ಕೃತಿ ಓದುತ್ತಾರೆ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಕಥೆಗಳ ಪಟ್ಟಿ ಅಲ್ಲಿಂದ ಹುಟ್ಟುತ್ತದೆ.

ಷೇಕ್ಸ್‌ಪಿಯರನ ‘ರೋಮಿಯೊ ಅಂಡ್ ಜೂಲಿಯೆಟ್’ ಓದಿಸುವವರಿಗೆ ಸೂರ್ಯನ ರಥ ಓಡಿಸಲು ಹೋದ ಫೇಯಥಾನ್ ಬೇಕು, ಹೆತ್ತವರು ತಡೆದ ಪ್ರೇಮಿಗಳಾದ ಪಿರಮಸ್ ಮತ್ತು ಥಿಸ್ಬಿ ಬೇಕು. ‘ಫ್ರಾಂಕೆನ್‌ಸ್ಟೈನ್’ ಓದಿಸುವವರಿಗೆ ಪ್ರೊಮೀಥಿಯಸ್ ಬೇಕೇ ಬೇಕು, ಏಕೆಂದರೆ 1818ರಲ್ಲಿ ಪ್ರಕಟವಾದ ಆ ಕಾದಂಬರಿಯ ಉಪಶೀರ್ಷಿಕೆಯೇ ‘ಆಧುನಿಕ ಪ್ರೊಮೀಥಿಯಸ್’. ಇಲ್ಲಿ ಒಂದು ಗುಂಡಿ ಇದೆ, ನೋಡಿಕೊಳ್ಳಿ. ಪ್ರಾಚೀನ ಗ್ರೀಕ್ ಕವಿ ಹೆಸಿಯಡ್‌ನಲ್ಲಿ ಪ್ರೊಮೀಥಿಯಸ್ ಬೆಂಕಿ ಕದ್ದು ಮನುಷ್ಯರಿಗೆ ಕೊಟ್ಟವನು. ರೋಮನ್ ಕವಿ ಓವಿಡ್‌ನ ‘ಮೆಟಮಾರ್ಫಸೀಸ್’ ಕಾವ್ಯದ ಮೊದಲ ಅಧ್ಯಾಯದಲ್ಲಿ ಅವನು ಮಣ್ಣು ಕಲಸಿ ಮನುಷ್ಯನನ್ನೇ ಮಾಡಿದವನು. ಬೆಂಕಿಯ ಕಥೆ ಮಾತ್ರ ಗೊತ್ತಿರುವ ವಿದ್ಯಾರ್ಥಿಗೆ, ಜೀವವೊಂದನ್ನು ತಯಾರಿಸಿದ ವಿಜ್ಞಾನಿಯ ಕಾದಂಬರಿಗೆ ಈ ಹೆಸರೇಕೆ ಎಂಬುದು ಅರ್ಧವೇ ಅರ್ಥವಾಗುತ್ತದೆ.

ನಾಲ್ಕು ವಾರಕ್ಕೆ ಐದು ಕಥೆ ಸಾಕು. ಏಳಕ್ಕೆ ಹೋದರೆ ಯಾವುದೂ ಆಳಕ್ಕೆ ಇಳಿಯುವುದಿಲ್ಲ.

## ಹಂತ 2: ಕಷ್ಟದ ಭಾಗಗಳನ್ನು ನೀವು ಮೊದಲೇ ಓದಿ

ಈ ಕಥೆಗಳಲ್ಲಿ ಅಪಹರಣವಿದೆ, ಅತ್ಯಾಚಾರವಿದೆ, ಹೆತ್ತವರೇ ಮಕ್ಕಳನ್ನು ಕೊಲ್ಲುವುದಿದೆ. ಹೆರಾಕ್ಲೀಸ್‌ನ ಹನ್ನೆರಡು ಸಾಹಸಗಳನ್ನು ಹುರುಪಿನಿಂದ ಹೇಳುತ್ತೇವೆ. ಆದರೆ ಹೆಚ್ಚು ಪ್ರಚಲಿತವಾದ ನಿರೂಪಣೆಯಲ್ಲಿ ಆ ಸಾಹಸಗಳು, ದೇವತೆ ಹೀರಾ ಕವಿಸಿದ ಹುಚ್ಚಿನಲ್ಲಿ ತನ್ನ ಮಕ್ಕಳನ್ನೇ ಕೊಂದದ್ದಕ್ಕೆ ಅವನು ಮಾಡಬೇಕಾಗಿ ಬಂದ ಪ್ರಾಯಶ್ಚಿತ್ತ. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಇಂಟರ್ನೆಟ್ಟಿನಲ್ಲಿ ನೋಡಿಕೊಂಡು ಬಂದು ಅದನ್ನು ಕೇಳಿಯೇ ಕೇಳುತ್ತಾನೆ. ಉತ್ತರ ನಿಮ್ಮ ಬಳಿ ಸಿದ್ಧವಿರಬೇಕು.

ಮಾಡಬೇಕಾದದ್ದು ಮೂರು. ಕೊಡುವ ಪ್ರತಿ ಭಾಗವನ್ನೂ ಕೊನೆಯ ಸಾಲಿನವರೆಗೆ ಓದಿ. ಕಷ್ಟದ ವಿಷಯ ಇದ್ದರೆ ಹಿಂದಿನ ದಿನವೇ ತರಗತಿಗೆ ಒಂದು ಮಾತು ಹೇಳಿ, ಯಾರಿಗಾದರೂ ಬೇಡವೆನಿಸಿದರೆ ಓದಲು ಬೇರೆ ಕಥೆ ಇಟ್ಟುಕೊಳ್ಳಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಅಪಹರಣವನ್ನು ‘ಪ್ರೇಮಕಥೆ’ ಎಂದು ಕರೆಯಬೇಡಿ. ಅಪೊಲೊನಿಂದ ತಪ್ಪಿಸಿಕೊಳ್ಳಲು ಓಡಿ ಓಡಿ ಸೋತು ತನ್ನ ರೂಪ ಬದಲಿಸೆಂದು ಬೇಡಿಕೊಂಡು ಮರವಾದ ಡ್ಯಾಫ್ನಿಯ ಕಥೆ ಪ್ರೇಮಕಥೆಯಲ್ಲ. ನಾವು ಮೆದುಮಾಡಿ ಹೇಳಿದ್ದನ್ನು ಹದಿನೈದು ವರ್ಷದವರು ಕಂಡುಹಿಡಿಯುತ್ತಾರೆ, ಆಮೇಲೆ ನಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಎಚ್ಚರಿಕೆಯ ಸೂಚನೆ: ಒಂದು ಭಾಗ ಓದುವಾಗ ತರಗತಿಯಲ್ಲಿ ಕೆಲವರು ಮುಸಿಮುಸಿ ನಗುತ್ತಾರೆ, ಇನ್ನು ಕೆಲವರು ತಲೆ ಎತ್ತುವುದೇ ಇಲ್ಲ. ಅಲ್ಲಿಗೆ ಓದು ನಿಲ್ಲಿಸಿ, ಪುಸ್ತಕ ಮುಚ್ಚಿಸಿ, ಅಲ್ಲಿ ನಡೆದದ್ದೇನು ಎಂದು ನೇರವಾದ ಮಾತಿನಲ್ಲಿ ಹೇಳಿ.

## ಹಂತ 3: ಒಂದು ಕಥೆ ಹೇಳಿ, ಬೇರೇನೂ ಬೇಡ

ಮೊದಲ ಪೀರಿಯಡ್ಡಿನಲ್ಲಿ ಬೋರ್ಡ್ ಖಾಲಿ ಇರಲಿ. ನೋಟ್‌ಬುಕ್ ತೆಗೆಯುವುದು ಬೇಡ. ಡೆಡಲಸ್ ಮತ್ತು ಇಕಾರಸ್ ಕಥೆ ಹೇಳಿ: ಕ್ರೀಟ್‌ನಿಂದ ತಪ್ಪಿಸಿಕೊಳ್ಳಲು ಅಪ್ಪ ಡೆಡಲಸ್ ಗರಿ, ಮೇಣದಿಂದ ರೆಕ್ಕೆ ಮಾಡುತ್ತಾನೆ, ಸೂರ್ಯನ ಹತ್ತಿರಕ್ಕೆ ಹಾರಿದ ಮಗ ಇಕಾರಸ್ ಮೇಣ ಕರಗಿ ಸಮುದ್ರಕ್ಕೆ ಬೀಳುತ್ತಾನೆ. ಎರಡೇ ಮುಖ್ಯ ಪಾತ್ರ, ಒಂದೇ ಘಟನೆ, ದೇವತೆಗಳ ಸಂಸಾರ ಗೊತ್ತಿರಬೇಕಾಗಿಲ್ಲ. ಶುರುಮಾಡಲು ಇದಕ್ಕಿಂತ ಒಳ್ಳೆಯ ಕಥೆ ನನಗೆ ಸಿಕ್ಕಿಲ್ಲ.

ಹೇಳಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ: ತಪ್ಪು ಯಾರದು? ಬಹುತೇಕ ಎಲ್ಲರೂ ಮಗನದು ಎನ್ನುತ್ತಾರೆ. ಅಪ್ಪ ಮೇಲೆ ಹೋಗಬೇಡ ಎಂದ, ಇವನು ಹೋದ, ಬಿದ್ದ. ಆ ಉತ್ತರವನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ, ಅಳಿಸಬೇಡಿ. ನಾಳೆ ಅದು ಬೇಕು.

ಎರಡನೇ ಪೀರಿಯಡ್ಡಿನಲ್ಲಿ ಓವಿಡ್‌ನ ‘ಮೆಟಮಾರ್ಫಸೀಸ್’ ಕೃತಿಯ ಎಂಟನೇ ಅಧ್ಯಾಯದಿಂದ ಅದೇ ಕಥೆಯ ಅನುವಾದ ಕೊಡಿ. ಕ್ರಿ.ಶ. 8ರ ಸುಮಾರಿಗೆ ಲ್ಯಾಟಿನ್‌ನಲ್ಲಿ ಬರೆದ ಹದಿನೈದು ಅಧ್ಯಾಯಗಳ ಕಾವ್ಯ ಅದು, ಇಂಗ್ಲಿಷ್ ಸಾಹಿತ್ಯಕ್ಕೆ ಈ ಕಥೆಗಳು ಬಂದದ್ದು ಹೆಚ್ಚಾಗಿ ಅದರ ಮೂಲಕವೇ. ನಿಧಾನವಾಗಿ, ಗಟ್ಟಿಯಾಗಿ ಓದಿಸಿ. ಮೂರು ಕಡೆ ನಿಲ್ಲಿಸಿ.

ಮೊದಲನೆಯದು, ಅಪ್ಪನ ಎಚ್ಚರಿಕೆ. ಅವನು ಹೇಳಿದ್ದು ‘ಮೇಲೆ ಹೋಗಬೇಡ’ ಎಂದಷ್ಟೇ ಅಲ್ಲ. ತೀರಾ ಕೆಳಗೆ ಹಾರಿದರೆ ನೀರಿನ ತೇವಕ್ಕೆ ಗರಿಗಳು ಭಾರವಾಗುತ್ತವೆ, ತೀರಾ ಮೇಲೆ ಹಾರಿದರೆ ಬಿಸಿಲು ಸುಡುತ್ತದೆ, ನಡುವೆ ಹಾರು ಎಂದು ಅವನು ಹೇಳುತ್ತಾನೆ. ಕೆಳಗಿನ ಅಪಾಯವನ್ನು ಯಾರು ನೆನಪಿಟ್ಟುಕೊಂಡಿದ್ದರು ಎಂದು ಕೇಳಿ.

ಎರಡನೆಯದು, ರೆಕ್ಕೆ ಕಟ್ಟುವಾಗ ಅಪ್ಪನ ಕೈ ನಡುಗುತ್ತದೆ, ಕೆನ್ನೆ ಒದ್ದೆಯಾಗುತ್ತದೆ. ಅವನಿಗೆ ಏನು ಗೊತ್ತಿತ್ತು?

ಮೂರನೆಯದು, ಇಕಾರಸ್ ಸತ್ತ ಮೇಲೆ ಬರುವ ಭಾಗ. ಹೆಚ್ಚಿನ ಪಠ್ಯಪುಸ್ತಕಗಳು ಇದನ್ನು ಕತ್ತರಿಸುತ್ತವೆ. ಡೆಡಲಸ್ ಮಗನನ್ನು ಹೂಳುತ್ತಿರುವಾಗ ಒಂದು ಕವುಜುಗ ಹಕ್ಕಿ ಅದನ್ನು ನೋಡಿ ಖುಷಿಯಿಂದ ರೆಕ್ಕೆ ಬಡಿಯುತ್ತದೆ. ಆ ಹಕ್ಕಿ ಹಿಂದೆ ಡೆಡಲಸ್‌ನ ಸೋದರಳಿಯನಾಗಿತ್ತು. ತನ್ನ ಬಳಿ ವಿದ್ಯೆ ಕಲಿಯಲು ಬಂದ ಆ ಜಾಣ ಹುಡುಗನನ್ನು ಕಂಡು ಹೊಟ್ಟೆಕಿಚ್ಚುಪಟ್ಟು ಡೆಡಲಸ್ ಅವನನ್ನು ಎತ್ತರದಿಂದ ತಳ್ಳಿದ್ದ, ಬೀಳುವಾಗ ದೇವತೆ ಅವನನ್ನು ಹಕ್ಕಿಯಾಗಿ ಮಾಡಿದ್ದಳು.

ಇಷ್ಟಾದ ಮೇಲೆ ಬೋರ್ಡಿನ ಮೂಲೆಯ ಉತ್ತರ ತೋರಿಸಿ, ಅದೇ ಪ್ರಶ್ನೆ ಮತ್ತೆ ಕೇಳಿ. ತರಗತಿ ಎರಡು ಪಾಳಯವಾಗುತ್ತದೆ. ಮೇಲಿನಿಂದ ಬಿದ್ದ ಹುಡುಗರು ಇಬ್ಬರು ಎಂದು ಯಾರಾದರೊಬ್ಬರು ಗಮನಿಸಿದರೆ ಅವತ್ತಿನ ಪಾಠ ಸಾರ್ಥಕ. ಪಠ್ಯವನ್ನು ಹತ್ತಿರದಿಂದ ಓದುವುದು ಎಂದರೇನು ಎಂದು ಉಪನ್ಯಾಸ ಕೊಡುವ ಅಗತ್ಯ ಆಮೇಲೆ ಬೀಳುವುದಿಲ್ಲ.

## ಹಂತ 4: ಹೆಸರುಗಳು ಈಗ ಬರಲಿ

ಮಕ್ಕಳು ಬಾಯಿಬಿಟ್ಟು ಹೇಳಲಾರದ ಹೆಸರಿನ ಬಗ್ಗೆ ತರಗತಿಯಲ್ಲಿ ಮಾತಾಡುವುದಿಲ್ಲ. ಅದಕ್ಕೇ ಅರ್ಧ ಪೀರಿಯಡ್ ಉಚ್ಚಾರಣೆಗೆ ಕೊಡಿ. ಇಂಗ್ಲಿಷ್ ಕಾಗುಣಿತದಿಂದ ಹುಟ್ಟುವ ಗೊಂದಲಕ್ಕೆ ನಾಲ್ಕೈದು ಸೂತ್ರ ಸಾಕು:

- ಕೊನೆಯ ‘ಇ’ ಅಕ್ಷರ ಸಾಮಾನ್ಯವಾಗಿ ಉಚ್ಚಾರವಾಗುತ್ತದೆ: ಪರ್ಸೆಫನಿ, ಪೆನೆಲೊಪಿ, ಸರ್ಸಿ, ಡ್ಯಾಫ್ನಿ.
- ‘ಸಿ-ಎಚ್’ ಬಂದರೆ ‘ಕ’ ಧ್ವನಿ: ಕೇಯಾಸ್, ಕರಿಬ್ಡಿಸ್, ಕೈರಾನ್.
- ಮೊದಲಲ್ಲಿ ‘ಪಿ-ಎಸ್’ ಬಂದರೆ ‘ಪಿ’ ಕೇಳಿಸುವುದಿಲ್ಲ: ಸೈಕಿ.
- ಕೊನೆಯ ‘ಇ-ಯು-ಎಸ್’ ಹೆಚ್ಚಾಗಿ ‘ಇಯಸ್’: ಥೀಸಿಯಸ್, ಪರ್ಸಿಯಸ್. ಝ್ಯೂಸ್ ಇದಕ್ಕೆ ಅಪವಾದ.

ಗ್ರೀಕ್ ಮತ್ತು ರೋಮನ್ ಹೆಸರುಗಳ ಜೋಡಿಯನ್ನು ಬಾಯಿಪಾಠ ಮಾಡಿಸಬೇಡಿ. ಪಠ್ಯದಲ್ಲಿ ಯಾವ ಹೆಸರಿದೆಯೋ ಅದನ್ನೇ ಬಳಸುವುದು ನಿಯಮ, ಒಬ್ಬಳೇ ದೇವಿ ಓವಿಡ್ ಓದುವಾಗ ಮಿನರ್ವ, ಗ್ರೀಕ್ ಕವಿ ಹೋಮರ್ ಓದುವಾಗ ಅಥೀನಾ. ಎದುರಾದಾಗ ನೋಟ್‌ಬುಕ್ಕಿನ ಎರಡು ಕಾಲಮ್ಮಿನಲ್ಲಿ ಒಂದೊಂದು ಜೋಡಿ ಸೇರಿಸಿಕೊಳ್ಳಲಿ. ಗೋಡೆಯ ಖಾಲಿ ಹಾಳೆಯೂ ಹಾಗೆಯೇ: ಕಥೆಯಲ್ಲಿ ಬಂದವರನ್ನು ಮಾತ್ರ ಬರೆದು ಗೆರೆ ಎಳೆಯುವುದು. ನಾಲ್ಕನೇ ವಾರಕ್ಕೆ ಅಲ್ಲಿ ಇಪ್ಪತ್ತು ಹೆಸರಿರುತ್ತವೆ, ಪ್ರತಿಯೊಂದರ ಹಿಂದೆಯೂ ಒಂದು ಮುಖ ಇರುತ್ತದೆ.

## ಹಂತ 5: ಒಂದೇ ಕಥೆ, ಎರಡು ನಿರೂಪಣೆ

ಇಡೀ ಪಾಠದ ಬೆನ್ನೆಲುಬು ಇದು. ಸಮಯ ಕಡಿಮೆಯಾದರೆ ಬೇರೆ ಏನನ್ನಾದರೂ ಬಿಡಿ, ಇದನ್ನು ಬಿಡಬೇಡಿ.

‘ನಿಜವಾದ ಕಥೆ ಯಾವುದು ಟೀಚರ್?’ ಎಂಬ ಪ್ರಶ್ನೆ ಮೊದಲ ವಾರದಲ್ಲೇ ಬರುತ್ತದೆ. ಗ್ರೀಕರಿಗೆ ಎಲ್ಲರೂ ಒಪ್ಪಿದ ಒಂದೇ ಗ್ರಂಥ ಇರಲಿಲ್ಲ, ಕವಿಯಿಂದ ಕವಿಗೆ ಕಥೆ ಬದಲಾಗುತ್ತಿತ್ತು. ಇದನ್ನು ಹೇಳಿದರೆ ಮಕ್ಕಳು ತಲೆಯಾಡಿಸುತ್ತಾರೆ ಅಷ್ಟೆ. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ ಅರ್ಥವಾಗುತ್ತದೆ.

ಡಿಮೀಟರ್ ದೇವಿಯ ಮಗಳು ಪರ್ಸೆಫನಿಯನ್ನು ಪಾತಾಳದ ದೊರೆ ಹೇಡೀಸ್ ಅಪಹರಿಸಿದ ಕಥೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಒಂದು ಕಡೆ ಡಿಮೀಟರ್ ದೇವಿಗೆ ಹಾಡಿದ, ‘ಹೋಮೆರಿಕ್’ ಎಂದು ಕರೆಯುವ ಹಳೆಯ ಗ್ರೀಕ್ ಸ್ತೋತ್ರ, ಇನ್ನೊಂದು ಕಡೆ ಓವಿಡ್‌ನ ಐದನೇ ಅಧ್ಯಾಯ. ಸ್ತೋತ್ರದಲ್ಲಿ ಹೇಡೀಸ್ ಅವಳಿಗೆ ತಿನ್ನಿಸುವುದು ದಾಳಿಂಬೆಯ ಒಂದೇ ಬೀಜ, ವರ್ಷದ ಮೂರನೇ ಒಂದು ಭಾಗ ಅವಳು ಪಾತಾಳದಲ್ಲಿರಬೇಕು. ಓವಿಡ್‌ನಲ್ಲಿ ಅವಳೇ ಹಣ್ಣು ಕಿತ್ತು ಏಳು ಬೀಜ ತಿನ್ನುತ್ತಾಳೆ, ಅರ್ಧ ವರ್ಷ ಅಲ್ಲಿರಬೇಕು. ತಿನ್ನಿಸಿದ್ದೋ, ತಿಂದದ್ದೋ? ಈ ಒಂದು ವ್ಯತ್ಯಾಸದ ಮೇಲೆ ಒಂದು ಪೀರಿಯಡ್ ಪೂರ್ತಿ ಚರ್ಚೆ ನಡೆಯುತ್ತದೆ.

ಮೆಡುಸಾ ಕಥೆಯನ್ನೂ ಹೀಗೆ ಮಾಡಬಹುದು. ಹೆಸಿಯಡ್‌ನಲ್ಲಿ ಅವಳು ಗೊರ್ಗನ್ ಎಂಬ ಮೂವರು ರಾಕ್ಷಸಿ ಸೋದರಿಯರಲ್ಲಿ ಸಾವುಳ್ಳವಳು. ಓವಿಡ್‌ನಲ್ಲಿ ಅವಳು ಚೆಲುವೆ, ದೇವಾಲಯದೊಳಗೆ ಸಮುದ್ರದೇವ ನೆಪ್ಚೂನ್ ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ, ಶಿಕ್ಷೆಯಾಗಿ ಕೂದಲು ಹಾವಾಗುವುದು ಅವಳಿಗೇ. ಎರಡನೇ ಹಂತದ ಎಚ್ಚರಿಕೆ ಇಲ್ಲಿ ನೆನಪಿರಲಿ.

ಹೋಲಿಸುವಾಗ ಮಕ್ಕಳ ಕೈಗೆ ಮೂರು ಪ್ರಶ್ನೆ ಕೊಡಿ. ಕವಿ ಉಳಿಸಿಕೊಂಡದ್ದೇನು? ಬಿಟ್ಟದ್ದೇನು? ಬದಲಿಸಿದ್ದೇನು? ‘ಯಾವುದು ಚೆನ್ನಾಗಿದೆ’ ಎಂದು ಕೇಳಬೇಡಿ. ಆ ಪ್ರಶ್ನೆಗೆ ‘ಎರಡನೆಯದು, ಸುಲಭವಾಗಿದೆ’ ಎಂಬ ಉತ್ತರವೇ ಬರುವುದು.

ಎಚ್ಚರಿಕೆಯ ಸೂಚನೆ: ವಿದ್ಯಾರ್ಥಿ ಒಂದು ನಿರೂಪಣೆಯನ್ನು ‘ತಪ್ಪು’ ಎಂದು ಬರೆದರೆ ಈ ಹಂತ ಇನ್ನೂ ತಲುಪಿಲ್ಲ ಎಂದರ್ಥ. ಮುಂದೆ ಹೋಗದೆ ಇನ್ನೊಂದು ಜೋಡಿ ಓದಿಸಿ.

## ಹಂತ 6: ಸಿನಿಮಾದಿಂದ ಬಂದದ್ದನ್ನು ಜರಡಿ ಹಿಡಿಯಿರಿ

ಮಕ್ಕಳು ಖಾಲಿ ತಲೆಯಿಂದ ಬರುವುದಿಲ್ಲ. ಸಿನಿಮಾ, ವಿಡಿಯೊ ಗೇಮ್, ಕಾಮಿಕ್ಸ್‌ನಿಂದ ಒಂದಷ್ಟು ಕಥೆ ಮೊದಲೇ ಸೇರಿರುತ್ತದೆ. ಅದನ್ನು ಹಗುರವಾಗಿ ಕಾಣಬೇಡಿ, ಆದರೆ ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸ ಮಾಡಿಸಿ. ಶಿಕ್ಷಕರೇ ಪದೇ ಪದೇ ತಪ್ಪುವ ಕೆಲವು ಜಾಗಗಳು:

ಟ್ರಾಯ್ ಯುದ್ಧದ ಬಗೆಗಿನ ಹೋಮರ್‌ನ ‘ಇಲಿಯಡ್’ನಲ್ಲಿ ಮರದ ಕುದುರೆಯ ಪ್ರಸಂಗ ಇಲ್ಲ, ಗ್ರೀಕ್ ವೀರ ಅಕಿಲೀಸ್‌ನ ಸಾವೂ ಇಲ್ಲ. ಅದು ಟ್ರಾಯ್‌ನ ವೀರ ಹೆಕ್ಟರ್‌ನ ಅಂತ್ಯಕ್ರಿಯೆಯೊಂದಿಗೆ ಮುಗಿಯುತ್ತದೆ. ಕುದುರೆಯ ವಿವರವಾದ ಕಥೆ ರೋಮನ್ ಕವಿ ವರ್ಜಿಲ್‌ನ ‘ಈನಿಯಡ್’ ಕಾವ್ಯದ ಎರಡನೇ ಅಧ್ಯಾಯದಲ್ಲಿದೆ. ಮಗು ಅಕಿಲೀಸ್‌ನನ್ನು ತಾಯಿ ಪಾತಾಳದ ಸ್ಟಿಕ್ಸ್ ನದಿಯಲ್ಲಿ ಅದ್ದಿದ ಕಥೆ ನಮಗೆ ಸಿಗುವುದು ಕ್ರಿ.ಶ. ಒಂದನೇ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ.

ಮುಚ್ಚಳ ತೆರೆದು ಲೋಕಕ್ಕೆ ಕಷ್ಟಗಳನ್ನು ಬಿಟ್ಟ ಪಂಡೋರಾಳ ಕೈಯಲ್ಲಿದ್ದದ್ದು ಪೆಟ್ಟಿಗೆಯಲ್ಲ, ಧಾನ್ಯ ತುಂಬಿಡುವಂಥ ದೊಡ್ಡ ಮಣ್ಣಿನ ಗುಡಾಣ. ಅದು ‘ಬಾಕ್ಸ್’ ಆದದ್ದು 16ನೇ ಶತಮಾನದಲ್ಲಿ ವಿದ್ವಾಂಸ ಎರಾಸ್ಮಸ್ ಲ್ಯಾಟಿನ್‌ನಲ್ಲಿ ಬಳಸಿದ ಪದದಿಂದ. ಅದರೊಳಗೆ ಉಳಿದ ಭರವಸೆ ಮನುಷ್ಯರಿಗೆ ಸಿಕ್ಕಿತೋ, ಸಿಗದಂತೆ ಒಳಗೇ ಬಂದಿಯಾಯಿತೋ ಎಂಬುದು ಒಳ್ಳೆಯ ಚರ್ಚೆಯ ವಿಷಯ, ಹೆಸಿಯಡ್ ಅದನ್ನು ಬಿಡಿಸಿ ಹೇಳಿಲ್ಲ.

ಅಟ್ಲಾಸ್ ಹೊತ್ತಿರುವುದು ಭೂಮಿಯನ್ನಲ್ಲ, ಆಕಾಶವನ್ನು. ಹಾಡಿನಿಂದ ನಾವಿಕರನ್ನು ಸೆಳೆಯುವ ಸೈರನ್‌ಗಳು ಮತ್ಸ್ಯಕನ್ಯೆಯರಲ್ಲ, ಪ್ರಾಚೀನ ಗ್ರೀಕ್ ಚಿತ್ರಗಳಲ್ಲಿ ಅವರಿಗೆ ಹಕ್ಕಿಯ ಮೈ. ಮೈಡಾಸ್‌ನ ಮಗಳು ಚಿನ್ನದ ಬೊಂಬೆಯಾದದ್ದು ಓವಿಡ್‌ನಲ್ಲಿ ಇಲ್ಲ. ಅದು 1851ರಲ್ಲಿ ಅಮೆರಿಕದ ಲೇಖಕ ಹಾಥಾರ್ನ್ ಮಕ್ಕಳಿಗಾಗಿ ಬರೆದಾಗ ಬಂದ ರೂಪ. ಹಾಗೆಂದು ಮಗಳ ಕಥೆಯನ್ನು ಹೊಡೆದುಹಾಕಬೇಕಿಲ್ಲ, ಐದನೇ ಹಂತದ ಮೂರು ಪ್ರಶ್ನೆಗಳನ್ನು ಅದಕ್ಕೂ ಕೇಳಿ.

## ಹಂತ 7: ಪದಗಳ ಪುಟ

ವಾರಕ್ಕೆ ಹತ್ತು ನಿಮಿಷ ಸಾಕು. ಪಟ್ಟಿ ಕೊಟ್ಟು ಅರ್ಥ ಬರೆಸಬೇಡಿ, ಕಥೆ ಓದಿದ ದಿನವೇ ಅದರಿಂದ ಹುಟ್ಟಿದ ಪದವನ್ನು ಸೇರಿಸಿ. ಹಣ್ಣು, ನೀರು ಎದುರಿಗಿದ್ದೂ ಕೈಗೆಟುಕದ ಟ್ಯಾಂಟಲಸ್‌ನಿಂದ ‘ಟ್ಯಾಂಟಲೈಸ್’, ಕಾಡಿನ ದೇವತೆ ಪ್ಯಾನ್‌ನಿಂದ ‘ಪ್ಯಾನಿಕ್’, ‘ಒಡಿಸ್ಸಿ’ಯ ಒಬ್ಬ ಪಾತ್ರದಿಂದ ‘ಮೆಂಟರ್’. ನನಗೆ ತುಂಬ ಪ್ರಿಯವಾದದ್ದು ‘ಕ್ಲೂ’. ಆ ಪದದ ಹಳೆಯ ಅರ್ಥ ದಾರದ ಉಂಡೆ. ಥೀಸಿಯಸ್ ಚಕ್ರವ್ಯೂಹದಂಥ ಕಟ್ಟಡದಿಂದ ಹೊರಬರಲು ಹಿಡಿದ ದಾರದ ನೆನಪಿನಿಂದ ಅದಕ್ಕೆ ‘ಸುಳಿವು’ ಎಂಬ ಅರ್ಥ ಬಂತು.

‘ಕ್ರಾನಿಕ್’ ಝ್ಯೂಸ್‌ನ ಅಪ್ಪ ಕ್ರೋನಸ್‌ನಿಂದ ಬಂದದ್ದಲ್ಲ, ಕಾಲ ಎಂಬ ಅರ್ಥದ ಬೇರೆ ಗ್ರೀಕ್ ಪದದಿಂದ ಬಂದದ್ದು. ಹೋಲುವ ಶಬ್ದ ಕಂಡ ಕೂಡಲೇ ಸಂಬಂಧ ಕಟ್ಟದೆ ನಿಘಂಟು ತೆರೆಯುವುದನ್ನು ಇದರಿಂದಲೇ ಕಲಿಸಬಹುದು.

## ಹಂತ 8: ಇಂಗ್ಲಿಷ್ ಪಠ್ಯಕ್ಕೆ ಹೋಗಿ

ಮೂರನೇ ವಾರದ ಕೊನೆಗೆ ಮೊದಲೇ ಆರಿಸಿದ ಕೃತಿ ತೆರೆಯಿರಿ. ಅಲ್ಯೂಷನ್ ಎಂಬ ಪದವನ್ನು ಈಗ ಹೇಳಿಕೊಟ್ಟರೆ ಸಾಕು: ಒಂದು ಹೆಸರನ್ನು ಇಟ್ಟು ಒಂದು ಕಥೆಯನ್ನು ಎಬ್ಬಿಸುವುದು.

ಜೂಲಿಯೆಟ್‌ಳ ಮಾತನ್ನೇ ನೋಡಿ. ಮೂರನೇ ಅಂಕದ ಎರಡನೇ ದೃಶ್ಯದಲ್ಲಿ ಅವಳು ರಾತ್ರಿ ಬೇಗ ಬರಲಿ ಎಂದು ಹಂಬಲಿಸುತ್ತಾಳೆ. ಸೂರ್ಯನ ರಥವನ್ನು ಫೇಯಥಾನ್ ಓಡಿಸಿದ್ದರೆ ಕುದುರೆಗಳನ್ನು ಚಾವಟಿಯಿಂದ ಹೊಡೆದು ಪಶ್ಚಿಮಕ್ಕೆ ಅಟ್ಟಿಬಿಡುತ್ತಿದ್ದ ಎನ್ನುತ್ತಾಳೆ. ಟಿಪ್ಪಣಿಯಲ್ಲಿ ‘ಫೇಯಥಾನ್: ಸೂರ್ಯನ ಮಗ’ ಎಂದಷ್ಟೇ ಇರುತ್ತದೆ, ಮಕ್ಕಳು ಮುಂದೆ ಹೋಗುತ್ತಾರೆ. ನೀವು ಅಲ್ಲಿ ನಿಲ್ಲಿಸಿ, ಐದನೇ ಹಂತದ ಮೂರು ಪ್ರಶ್ನೆ ಕೇಳಿ. ಅವಳು ಕಥೆಯಿಂದ ಉಳಿಸಿಕೊಂಡದ್ದು ವೇಗವನ್ನು. ಬಿಟ್ಟದ್ದು? ಆ ಹುಡುಗನಿಗೆ ಕುದುರೆಗಳು ಹತೋಟಿಗೆ ಬರಲಿಲ್ಲ, ಭೂಮಿ ಹೊತ್ತಿ ಉರಿಯಿತು, ಸಿಡಿಲು ಬಡಿದು ಅವನು ಸತ್ತ. ಹಿಂದಿನ ದೃಶ್ಯದಲ್ಲೇ ಅವಳ ಸೋದರಸಂಬಂಧಿ ಟಿಬಾಲ್ಟ್ ರೋಮಿಯೊನ ಕೈಯಲ್ಲಿ ಕೊಲೆಯಾಗಿದ್ದಾನೆ, ರೋಮಿಯೊಗೆ ಗಡಿಪಾರಾಗಿದೆ. ನೋಡುಗರಿಗೆ ಅದು ಗೊತ್ತು, ಜೂಲಿಯೆಟ್‌ಗೆ ಇನ್ನೂ ಗೊತ್ತಿಲ್ಲ. ಅವಳು ಬಿಟ್ಟ ಅರ್ಧ ಕಥೆಯೇ ಅವಳ ಮುಂದೆ ಕಾದಿದೆ. ಇದನ್ನು ನೀವು ಹೇಳಬೇಡಿ, ಮಕ್ಕಳಿಂದ ಬರುವವರೆಗೆ ಕಾಯಿರಿ. ಮೌನ ಎರಡು ನಿಮಿಷ ಇದ್ದರೂ ಇರಲಿ.

ನಾಟಕ ಓದಿಸಲು ಸಮಯವಿಲ್ಲದವರು ಇಕಾರಸ್‌ಗೆ ಮರಳಬಹುದು. ಬ್ರಸೆಲ್ಸ್‌ನ ಮ್ಯೂಸಿಯಂನಲ್ಲಿ ಚಿತ್ರಕಾರ ಬ್ರೂಗೆಲ್‌ನದೆಂದು ಹೆಸರಾದ, ಇಕಾರಸ್ ಬಿದ್ದದ್ದರ ಚಿತ್ರವೊಂದಿದೆ. ಓವಿಡ್‌ನಲ್ಲಿ ಬೆಸ್ತ, ಕುರುಬ, ರೈತ ತಲೆಯೆತ್ತಿ ಹಾರುವವರನ್ನು ದೇವತೆಗಳೆಂದು ತಿಳಿದು ಬೆರಗಾಗುತ್ತಾರೆ. ಚಿತ್ರದಲ್ಲಿ ಅದೇ ಮೂವರಿದ್ದಾರೆ, ಆದರೆ ಬಿದ್ದವನ ಕಡೆ ಒಬ್ಬರೂ ನೋಡುತ್ತಿಲ್ಲ. ಇಕಾರಸ್ ಕಾಣುವುದು ಬಲಮೂಲೆಯ ನೀರಿನಲ್ಲಿ ಎರಡು ಕಾಲುಗಳಾಗಿ ಮಾತ್ರ. ಮೊದಲು ಚಿತ್ರ ತೋರಿಸಿ, ಇಕಾರಸ್ ಎಲ್ಲಿ ಎಂದು ಹುಡುಕಿಸಿ, ಆಮೇಲೆ ಕವಿ ಆಡನ್ ಅದರ ಬಗ್ಗೆ 1938ರಲ್ಲಿ ಬರೆದ ಕವಿತೆ ಕೊಡಿ.

## ಹಂತ 9: ಬರೆಸುವುದು

‘ನಿಮ್ಮದೇ ಒಂದು ಪುರಾಣ ಬರೆಯಿರಿ’ ಎಂಬ ಅಸೈನ್‌ಮೆಂಟ್ ಎಲ್ಲ ಕಡೆ ಇದೆ, ನಾನು ಅದನ್ನು ಕೈಬಿಟ್ಟಿದ್ದೇನೆ. ಅದರಿಂದ ಬರುವುದು ಅಳತೆಗೋಲಿಲ್ಲದ ಸೂಪರ್‌ಹೀರೊ ಕಥೆಗಳು. ಬದಲಿಗೆ, ಓದಿದ ಕಥೆಯನ್ನು ಅದರೊಳಗಿನ ಮೂಕ ಪಾತ್ರವೊಂದರ ಕಣ್ಣಿನಿಂದ ಒಂದು ಪುಟದಲ್ಲಿ ಬರೆಯಲಿ. ಕವುಜುಗ ಹಕ್ಕಿ, ನೇಗಿಲು ಹಿಡಿದ ರೈತ, ಮೈಡಾಸ್‌ಗೆ ಊಟ ಬಡಿಸುವ ಆಳು. ಕಥೆಯಲ್ಲಿ ನಡೆದ ಘಟನೆ ಬದಲಾಗಬಾರದು, ನೋಟ ಮಾತ್ರ ಬದಲಾಗಬೇಕು ಎಂಬ ನಿಬಂಧನೆ ಇರಲಿ. ಕೆಳಗೆ ಐದು ಸಾಲಿನಲ್ಲಿ ಉಳಿಸಿಕೊಂಡದ್ದು, ಬಿಟ್ಟದ್ದು, ಬದಲಿಸಿದ್ದು ಬರೆಯಬೇಕು. ಇಂಟರ್ನೆಟ್ಟಿನಿಂದ ನಕಲು ಮಾಡಿದವರು ಸಿಕ್ಕಿಬೀಳುವುದು ಈ ಐದು ಸಾಲಿನಲ್ಲೇ.

## ಹಂತ 10: ಪರೀಕ್ಷೆ

ಹೊಂದಿಸಿ ಬರೆಯಿರಿ, ಬಿಟ್ಟ ಸ್ಥಳ ತುಂಬಿರಿ ಬೇಡ. ಹಾಗೆ ಕೇಳಿದರೆ ಮುಂದಿನ ವರ್ಷದ ಮಕ್ಕಳು ಮತ್ತೆ ವಂಶವೃಕ್ಷಕ್ಕೇ ಹೋಗುತ್ತಾರೆ. ತರಗತಿಯಲ್ಲಿ ಓದದ, ಆದರೆ ಗೊತ್ತಿರುವ ಕಥೆಯ ಹೆಸರಿರುವ ಎರಡು ಪ್ಯಾರಾಗಳನ್ನು ಆರಿಸಿ. ಕಥೆ ನೆನಪಿಗೆ ಬರುವುದಿಲ್ಲ ಎಂಬ ಭಯ ಇರದಂತೆ ಹೆಸರುಗಳ ಪುಟಗಳನ್ನು ತೆರೆದಿಟ್ಟುಕೊಳ್ಳಲು ಬಿಡಿ. ಲೇಖಕರು ಈ ಹೆಸರನ್ನು ಇಲ್ಲಿ ಏಕೆ ತಂದರು, ಬೇರೆ ಹೆಸರು ತಂದಿದ್ದರೆ ಅರ್ಥ ಹೇಗೆ ಬದಲಾಗುತ್ತಿತ್ತು ಎಂದು ಕೇಳಿ. ಅಂಕ ಕೊಡುವಾಗ ಕಥೆಯ ಸಾರಾಂಶಕ್ಕೆ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಕೊಡಬೇಡಿ, ಉಳಿದದ್ದು ಪಠ್ಯದ ಸಾಲಿನ ಆಧಾರ ತೋರಿಸಿದ್ದಕ್ಕೆ. ಅರ್ಧಕ್ಕಿಂತ ಹೆಚ್ಚು ಉತ್ತರಪತ್ರಿಕೆಗಳಲ್ಲಿ ಸಾರಾಂಶ ಮಾತ್ರ ಇದ್ದರೆ ಎಂಟನೇ ಹಂತವನ್ನು ಅವಸರದಲ್ಲಿ ಮುಗಿಸಿದ್ದೀರಿ. ಇನ್ನೊಂದು ಪ್ಯಾರಾ ತೆಗೆದುಕೊಂಡು, ಅದೇ ಮೂರು ಪ್ರಶ್ನೆಗಳೊಂದಿಗೆ ಒಂದು ಪೀರಿಯಡ್ ಕೂಡಿ ಓದಿ, ಆಮೇಲೆ ಪತ್ರಿಕೆಗಳನ್ನು ಹಿಂದಿರುಗಿಸಿ ತಿದ್ದಿ ಬರೆಯಲು ಹೇಳಿ.